ತಿಕೋಟಾದ ದೀಪ, ಬಬಲೇಶ್ವರದ ಚಹಾ

ಹುಡುಗರು ಯಾಕೆ ಬರುತ್ತಾರೆ, ಬಂದವರು ಯಾಕೆ ಬಿಟ್ಟು ಹೋಗುತ್ತಾರೆ, ಇದನ್ನು ಪತ್ತೆ ಹಚ್ಚುವುದು ನನ್ನ ಕೆಲಸ. ನಮ್ಮ ಕಂಪನಿಯದು ಪಿಕ್ಕು ಎಂಬ ಫೋಟೋ ಹಂಚಿಕೊಳ್ಳುವ ಆ್ಯಪ್. ಕಾಲೇಜಿನ ಹುಡುಗ ಹುಡುಗಿಯರು ಅದನ್ನು ಖುಷಿಯಿಂದ ಇಳಿಸಿಕೊಳ್ಳುತ್ತಾರೆ, ವಾರ ತುಂಬುವುದರೊಳಗೆ ಅಳಿಸಿ ಹಾಕುತ್ತಾರೆ. ಇದರಿಂದ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ನಿದ್ದೆ ಇಲ್ಲ. ಅವರಿಗೆ ನಿದ್ದೆ ಬರಿಸುವ ಹೊಣೆಯನ್ನು ವಿಜಯಪುರ ಜಿಲ್ಲೆಯ ಮಟ್ಟಿಗೆ ಜಲನಗರದ ಸಪ್ನಾ ಎಂಬ ನನ್ನ ತಲೆಗೆ ಕಟ್ಟಿದ್ದರು. ಕಾರಣ ಕಂಡುಹಿಡಿದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ನಾನು ಮನೆಗೆ.

ಸ್ಕೂಟಿ ಹತ್ತಿ ಊರೆಲ್ಲ ಸುತ್ತಿದೆ. ಗಾಂಧಿ ಚೌಕದ ಬಟ್ಟೆ ಅಂಗಡಿಯ ಹುಡುಗಿ, "ಲೈಕ್ ಬೀಳಂಗಿಲ್ಲರಿ, ಅದಕ್ಕ ಬಿಟ್ಟೆ" ಅಂದಳು. ಅವಳ ಪಕ್ಕದಲ್ಲೇ ನಿಂತಿದ್ದ ಗೆಳತಿ, "ನನಗ ಭಾಳ ಲೈಕ್ ಬಿದ್ದೂರಿ, ಅಪ್ಪಗ ಗೊತ್ತಾತು, ಅದಕ್ಕ ಬಿಟ್ಟೆ" ಅಂದಳು. ಜೋರಾಪುರ ಪೇಟೆಯಲ್ಲಿ ಒಬ್ಬನಿಗೆ ಗೆಳೆಯರು ಯಾರೂ ಪಿಕ್ಕುವಿನಲ್ಲಿ ಇಲ್ಲ ಅಂತ ಬೇಸರ, ಇನ್ನೊಬ್ಬನಿಗೆ ಇರುವವರೆಲ್ಲ ಗೆಳೆಯರೇ ಅಂತ ಬೇಸರ. ಇದನ್ನೆಲ್ಲ ಬರೆದು ಕಳಿಸಿದರೆ ಮಿನಾಜ ಮೇಡಂ ವಿಡಿಯೋ ಕಾಲ್ ಮಾಡಿದರು. ಮಿನಾಜ ಮೇಡಂ ಅಂದರೆ ಬೆಂಗಳೂರಿನಲ್ಲಿರುವ ನನ್ನ ಮೇಲಿನವರು.

"ಸಪ್ನಾ, ಇದರಲ್ಲಿ ಪ್ಯಾಟರ್ನ್ ಎಲ್ಲಿದೆ?"

ಹುಡುಗರ ತಲೆಯಲ್ಲೇ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ? ಮನಸ್ಸಿನಲ್ಲೇ ಅಂದುಕೊಂಡು, "ಹುಡುಕ್ತೇನಿ ಮೇಡಂ" ಅಂದೆ.

ಆಗ ಅವರು ಒಂದು ಜೋಡಿಯ ವಿಷಯ ಹೇಳಿದರು. ಪಿಕ್ಕುವಿನಲ್ಲಿ ಇಬ್ಬರು ಗೆಳೆಯರು ದಿನಕ್ಕೊಂದು ಫೋಟೋ ಒಬ್ಬರಿಗೊಬ್ಬರು ಕಳಿಸಿಕೊಂಡರೆ ಅವರ ಹೆಸರುಗಳ ನಡುವೆ ಪುಟ್ಟ ಬೆಂಕಿಯ ಚಿತ್ರವೊಂದು ಉರಿಯುತ್ತದೆ. ಒಂದು ದಿನ ಒಬ್ಬರು ತಪ್ಪಿಸಿದರೂ ಆರಿಹೋಗುತ್ತದೆ. ನಮ್ಮ ಕಡೆಯ ಹುಡುಗರು ಅದಕ್ಕೆ ದೀಪ ಅನ್ನುತ್ತಾರೆ. ಜಿಲ್ಲೆಯಲ್ಲಿ ಹಚ್ಚಿದ ದೀಪಗಳೆಲ್ಲ ಎಂದೋ ಆರಿವೆ, ಒಂದೇ ಒಂದು ಮಾತ್ರ ತಿಂಗಳುಗಟ್ಟಲೆ ಉರಿಯುತ್ತಿದೆ. ಒಂದು ತುದಿಯಲ್ಲಿ ತಿಕೋಟಾದ ಶ್ರೀಮಂತ ಎಂಬ ಹುಡುಗ, ಇನ್ನೊಂದು ತುದಿಯಲ್ಲಿ ಬಬಲೇಶ್ವರದ ಆಮ್ರಪಾಲಿ. ಇಬ್ಬರಿಗೂ ಹದಿನೆಂಟು. ಅವರು ಕಳಿಸಿಕೊಳ್ಳುವ ಫೋಟೋಗಳು ನಮಗೆ ಕಾಣಿಸುವುದಿಲ್ಲ, ಕಳಿಸಿದರೋ ಇಲ್ಲವೋ ಅನ್ನುವುದಷ್ಟೇ ಕಾಣುತ್ತದೆ.

"ಲವ್ ಸ್ಟೋರಿ ಸಪ್ನಾ! ಇಬ್ಬರನ್ನೂ ಹುಡುಕಿ ವಿಡಿಯೋ ಮಾಡು. ಇದನ್ನೇ ಜಾಹೀರಾತು ಮಾಡೋಣ."

ಆಮ್ರಪಾಲಿ ಅನ್ನುವ ಹೆಸರು ಕೇಳಿದ ಕೂಡಲೇ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟೆ. ನಮ್ಮ ಬೌದ್ಧರ ಮನೆಗಳಲ್ಲಿ ಇಡುವ ಹೆಸರು ಅದು. ನಮ್ಮ ಬೀಗರಲ್ಲೇ ನಾಲ್ಕು ಜನ ಆಮ್ರಪಾಲಿಯರಿದ್ದಾರೆ. ತಿಕೋಟಾದ ಹುಡುಗ ಯಾವ ಮನೆಯವನೋ ಗೊತ್ತಿಲ್ಲ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಜಿಲ್ಲೆಯ ಎಲ್ಲರ ಫೋನಿಗೂ ಬಿಟ್ಟರೆ ಮುಂದೇನಾಗುತ್ತದೆ ಅನ್ನುವುದನ್ನು ವಿಡಿಯೋ ಕಾಲಿನಲ್ಲಿ ಹೇಗೆ ತಿಳಿಸಿ ಹೇಳುವುದು?

"ಬ್ಯಾಡ ಅನಸ್ತದ ಮೇಡಂ."

"ಯಾಕೆ?"

"ಹಂಗ ಸುಮ್ನ."

ಸುಮ್ಮನೆ ಅನ್ನುವುದು ಕಾರಣವಲ್ಲವಂತೆ. ಕಂಪನಿಯವರು ಇಬ್ಬರ ಫೋನಿಗೂ, ನಮ್ಮವರು ಬಂದು ಭೇಟಿಯಾಗಬಹುದೇ ಅಂತ ಒಂದು ಸಂದೇಶ ಹಾಕಿದರು. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಇಬ್ಬರೂ ಹಸಿರು ಒತ್ತಿದ್ದರು.

ಒಂದು ಸೋಮವಾರ ತಿಕೋಟಾಕ್ಕೆ ಹೊರಟೆ. ದ್ರಾಕ್ಷಿ ತೋಟಗಳನ್ನು, ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನು ದಾಟಿ, ಊರ ಹೊರಗೆ ಕುರಿ ಹಟ್ಟಿ ಇರುವ ಮನೆ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ಶ್ರೀಮಂತನ ತಾಯಿ ರೇಣುಕಾ.

"ಶ್ರೀಮಂತ ಅದಾನೇನ್ರಿ?"

"ಇಲ್ಲರಿ, ಅಂವ ಬಿಜಾಪುರದಾಗ ಪೊಲೀಸ್ ಭರ್ತಿ ಕೋಚಿಂಗಿಗೆ ಹೋಗ್ಯಾನ. ಅಲ್ಲೇ ಇರತಾನ. ಫೋನ್ ಇಟಗೊಳ್ಳಾಕ ಬಿಡಂಗಿಲ್ಲಂತ, ಇಲ್ಲೇ ಬಿಟ್ಟ ಹೋಗ್ಯಾನ."

"ಹಂಗಾರ ದಿನಾ ಫೋಟೋ ಯಾರ ಕಳಸಾಕತ್ತಾರ?"

ರೇಣುಕಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಒಳಗೆ ಮುಖ ಮಾಡಿ, "ಅತ್ತೀ, ನಿಮ್ಮ ದೀಪದವರು ಬಂದಾರ ನೋಡ್ರಿ" ಅಂತ ಕೂಗಿದಳು.

ಬಂದವಳು ಹೊಳೆವ್ವ, ಶ್ರೀಮಂತನ ಅಜ್ಜಿ. ಗಟ್ಟಿಮುಟ್ಟಾದ ಮುದುಕಿ. ಕೈ ಒರೆಸಿಕೊಂಡು ದೇವರ ಜಗಲಿಯ ಹತ್ತಿರ ಹೋಗಿ, ಭಂಡಾರದ ಬಟ್ಟಲಿನ ಪಕ್ಕದಲ್ಲಿದ್ದ ಫೋನನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ಅದರ ಮೂಲೆಗಳಿಗೆ ಅರಿಸಿನ ಹತ್ತಿತ್ತು.

"ಮೊಮ್ಮಗ ಹೋಗೂ ಮುಂದ ಹೇಳ್ಯಾನವ್ವ. ಆಯಿ, ಇದರಾಗೊಂದ ದೀಪ ಐತಿ, ದಿನಾ ಒಂದ ಫೋಟೋ ಹಾಕಿದ್ರ ಉರೀತದ, ನಾ ಬರೂತನಕ ಆರಾಕ ಬಿಡಬ್ಯಾಡ ಅಂದಾನ. ದಸರಾದಾಗ ದೀಪಾ ಹಾಕಿ ಒಂಬತ್ತ ದಿನ ಕಾದವರು ನಾವು. ಇದ್ಯಾವ ದೊಡ್ಡದು?"

ದಿನಾ ಜಳಕ ಮಾಡಿಯೇ ಫೋನು ಮುಟ್ಟುತ್ತಾಳಂತೆ. ಫೋಟೋ ಹೋದ ಮೇಲೆಯೇ ಬಾಯಿಗೆ ರೊಟ್ಟಿ. ದೀಪ ಆರಿದರೆ ಮೊಮ್ಮಗನಿಗೆ ಏನಾದರೂ ಆದೀತು ಅನ್ನುವುದು ಅವಳ ಎದೆಯಲ್ಲಿ ಕೂತುಬಿಟ್ಟಿದೆ. ಓದು ಬರಹ ಬಾರದ ಮುದುಕಿ ನಮ್ಮ ಕಂಪನಿಯ ಅತ್ಯಂತ ನಿಷ್ಠೆಯ ಯುವ ಬಳಕೆದಾರ! ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ರೇಣುಕಾ ಸ್ಟೀಲಿನ ವಾಟಗದಲ್ಲಿ ಚಹಾ ತಂದಳು. ನನ್ನ ಕೈಗೆ ಬಂದ ವಾಟಗದ ಮೇಲೆ, 'ಹೊಳೆವ್ವಗೆ ತಮ್ಮನ ಕಾಣಿಕೆ' ಅಂತ ಕೊರೆದು ಬರೆಸಿತ್ತು. ಹೊಳೆವ್ವ ತನ್ನದನ್ನು ಒಂದೇ ಉಸಿರಿಗೆ ಕುಡಿದು ಇನ್ನೊಂದಕ್ಕೆ ಕೈ ಚಾಚಿದಳು.

"ಸೋಮವಾರ ನಂದು ಒಪ್ಪತ್ತವ್ವ. ಸಂಜೀತನಕ ಚಾನ ಗತಿ." ಆಮೇಲೆ ನನ್ನ ಮುಖ ನೋಡಿ, "ಯಾರ ಪೈಕಿ ಯವ್ವಾ ನೀ? ಅಡ್ಡಹೆಸರೇನ?" ಅಂದಳು.

"ಜಲನಗರದವರು ಆಯಿ."

"ಓ, ನೌಕರದಾರ ಮಂದಿ" ಅಂತ ಅವಳೇ ಉತ್ತರ ತುಂಬಿಕೊಂಡು ಸಮಾಧಾನಪಟ್ಟಳು. ನಾನು ತಿದ್ದಲಿಲ್ಲ, ಚಹಾ ಕುಡಿದೆ. ಚಹಾ ಚೆನ್ನಾಗಿತ್ತು.

ಫೋಟೋ ತೋರಿಸಿದಳು. ಅವಳು ಕಳಿಸಿದ್ದು ಕುರಿಯ ಬೆನ್ನು, ಅರ್ಧ ಆಕಾಶ, ತನ್ನದೇ ಹೆಬ್ಬೆರಳು, ನಿನ್ನೆ ಹುಟ್ಟಿದ ಮರಿ. ಆ ಕಡೆಯಿಂದ ಬಂದದ್ದು ಒಣಹಾಕಿದ ಮೆಣಸಿನಕಾಯಿ, ಒಂದು ಕೋಳಿ, ಹೊಲಿಯುತ್ತಿರುವ ಕೌದಿ, ಕೌದಿಯ ಮೇಲೆ ಹಚ್ಚೆ ಹಾಕಿಸಿಕೊಂಡ ಸುಕ್ಕುಗಟ್ಟಿದ ಕೈ. ಹದಿನೆಂಟರ ಹುಡುಗಿಯ ಕೈ ಅಲ್ಲವೇ ಅಲ್ಲ.

"ಆಕೀನೂ ನನ್ನಂಗ ಮುದುಕಿ" ಅಂದಳು ಹೊಳೆವ್ವ. "ಸೂಜಿ ಯಾವ ಕೈಯಾಗ ಹಿಡದಾಳ ನೋಡು. ಎಡಚಿ. ನಾನೂ ಎಡಚಿ. ಸಣ್ಣಾಕಿದ್ದಾಗ ನಮ್ಮವ್ವ ಎಡಗೈಗೆ ಬರಿ ಹಾಕಿದ್ಲು, ಆದರೂ ಹೋಗಲಿಲ್ಲ. ಮೊದಮೊದಲ ನಾ ಮೊಮ್ಮಗನ ಸಲುವಾಗಿ ಹಾಕತಿದ್ದೆ. ಈಗ ಮುಂಜಾನೆ ಎದ್ದ ಕೂಡಲೇ ಆಕಿ ಏನ ಕಳಿಸ್ಯಾಳಂತ ಜೀವ ಎಳೀತದ. ಯಾವೂರಾಕಿ ಆಕಿ? ನನ್ನ ಒಮ್ಮಿ ಕರಕೊಂಡು ಹೋಗು."

ಊರು ನನಗೆ ಗೊತ್ತಿತ್ತು. "ಕೇಳಿ ಹೇಳ್ತೇನಿ ಆಯಿ" ಅಂದು ಎದ್ದೆ.

ಭಾನುವಾರ ಕೋಚಿಂಗಿನ ಗೇಟಿನಲ್ಲಿ ಶ್ರೀಮಂತನನ್ನು ಹಿಡಿದೆ. ದೀಪ ಅಂದೊಡನೆ ಅವನು ಕಣ್ಣರಳಿಸಿದ.

"ಅದಿನ್ನೂ ಐತೇನ್ರಿ? ನಾನೂ ಆಮ್ರಪಾಲಿನೂ ಪಿಯುಸಿ ಒಂದ ಕ್ಲಾಸಿನವರು. ಯಾರ ಮೊದಲ ದೀಪ ಆರಸ್ತಾರೋ ಅವರು ಗಿರಮಿಟ್ಟ ಕೊಡಸಬೇಕಂತ ಶರತ್ತ ಹಾಕಿದ್ವಿ. ನಾ ಮರತೇ ಬಿಟ್ಟಿದ್ದೆ."

"ಅಷ್ಟೇನ?"

"ಅಷ್ಟರಿ. ಪಿಕ್ಕು ಈಗ ಯಾರ ನೋಡ್ತಾರ್ರಿ? ಅದು ಮುದುಕರ ಆ್ಯಪ್."

ಪ್ರೀತಿ ಪ್ರೇಮ ಏನೂ ಇಲ್ಲ, ಒಂದು ಪ್ಲೇಟ್ ಗಿರಮಿಟ್ಟಿನ ವಿಷಯ. ನನಗೆ ಹೋದ ಜೀವ ಬಂತು. ನಿಮ್ಮಜ್ಜಿ ಜಳಕ ಮಾಡಿ, ಉಪವಾಸವಿದ್ದು ಅದನ್ನು ಕಾಯುತ್ತಿದ್ದಾಳೆ ಅಂದಾಗ ಅವನ ನಗು ಅರ್ಧಕ್ಕೇ ನಿಂತಿತು. "ನಾ ಚ್ಯಾಷ್ಟಿಗೆ ಅಂದಿದ್ದೆರಿ" ಅಂತ ನೆಲ ನೋಡಿದ.

ಇನ್ನು ಬಬಲೇಶ್ವರ. ಮನೆಯೊಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಜಲನಗರದ ನಮ್ಮ ಮನೆಯ ಗೋಡೆಯಲ್ಲೂ ಅವೇ ಎರಡು ಪಟಗಳು. ಕೌದಿಯ ಮೇಲೆ ಕೂತು ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ಸಾವಂತ್ರವ್ವ, ಆಮ್ರಪಾಲಿಯ ಅಜ್ಜಿ. ಯಾರ ಮಗಳವ್ವ ಅಂತ ಕೇಳಿದಳು. ಅಪ್ಪನ ಹೆಸರು, ಊರು, ಅಡ್ಡಹೆಸರು ಎಲ್ಲ ಸರಾಗವಾಗಿ ಹೇಳಿದೆ. ಎರಡು ನಿಮಿಷದಲ್ಲಿ ಅವಳು ನಮ್ಮಮ್ಮನ ತವರಿನ ಕಡೆಯಿಂದ ಒಂದು ಸಂಬಂಧ ಹುಡುಕಿ ತೆಗೆದು, ನನ್ನನ್ನು ಮೊಮ್ಮಗಳು ಮಾಡಿಕೊಂಡಳು.

ಆಮ್ರಪಾಲಿ ನರ್ಸಿಂಗ್ ಓದಲು ಬೆಳಗಾವಿಗೆ ಹೋಗಿದ್ದಾಳೆ. ಹೊಸ ಫೋನು ಬಂತು, ಹಳೆಯದು ಅಜ್ಜಿಗೆ ಉಳಿಯಿತು.

"ದೀಪ ಆರಬಾರದಂತ ನೀವೂ ಕಾಯಾಕತ್ತೀರೇನು ಆಯಿ?"

"ನಾವು ದೀಪಾ ಗೀಪಾ ನಂಬಂಗಿಲ್ಲವ್ವ" ಅಂದಳು ಸಾವಂತ್ರವ್ವ. "ಯಾರೋ ದಿನಾ ಮಾತಾಡಸಾಕತ್ತಾರ. ಜವಾಬ ಕೊಡಬೇಕಲ್ಲ? ಪಾಪ, ಆಕಿಗೆ ಫೋಟೋ ತಗಿಯಾಕ ಬರಂಗಿಲ್ಲ, ಹೆಬ್ಬಟ್ಟ ಅಡ್ಡ ತರತಾಳ. ಆದ್ರ ಕುರಿ ಮರಿ ಹಾಕಿದ್ದು ಆಕಿ ಓಣಿಯವರಿಗಿಂತ ಮೊದಲ ನನಗ ತಿಳೀತದ. ಒಮ್ಮಿ ಬಂದ ಹೋಗಂತ ಹೇಳು. ಚಾ ಮಾಡ್ತೇನಿ."

ಎಲ್ಲವನ್ನೂ ಮಿನಾಜ ಮೇಡಂಗೆ ಹೇಳಿದೆ.

"ಅಜ್ಜಿಯರಾ?"

"ಹೂಂ ಮೇಡಂ."

"ನಮಗೆ ಯೂತ್ ಬೇಕಲ್ಲ ಸಪ್ನಾ." ಆಮೇಲೆ ದನಿ ಏರಿತು. "ಇರು ಇರು. ಇಬ್ಬರು ಅಜ್ಜಿಯರು, ಮೊದಲನೇ ಭೇಟಿ, ಅಪ್ಪುಗೆ, ಕಣ್ಣೀರು. ಹುಡುಗರು ಇದನ್ನ ನೋಡಿ ಕರಗಿ ಹೋಗ್ತಾರೆ. ಅವರಿಬ್ಬರ ಭೇಟಿ ಮಾಡಿಸಿ ವಿಡಿಯೋ ತಾ. ನಿನ್ನ ಗುತ್ತಿಗೆ ನಾನು ನೋಡ್ಕೋತೀನಿ."

ನನಗೆ ತಲೆ ಕೆಟ್ಟಿತು. ಹೊಳೆವ್ವನನ್ನು ಬಬಲೇಶ್ವರದ ಆ ಮನೆಯ ಹೊಸ್ತಿಲು ದಾಟಿಸಬೇಕು. ಮೊದಲೇ ಹೇಳಿ ಕರೆದುಕೊಂಡು ಹೋಗಲೇ? ಹೇಳುವುದು ಏನಂತ? ಆಯಿ, ಅವರು ಇಂಥವರು, ನಿಮಗೆ ನಡೆಯುತ್ತದೆಯೇ ಅಂತ ಕೇಳಲೇ? ಸಾವಂತ್ರವ್ವನ ಕುಲವನ್ನು ಅಪಾಯದ ಬೋರ್ಡಿನ ಹಾಗೆ ಮುಂದೆ ಹಿಡಿದುಕೊಂಡು ನಡೆಯಲು ನಾನು ಯಾರು? ಹೇಳದೆ ಹೋಗಲೇ? ಅಲ್ಲಿ ಏನಾದರೂ ನಡೆದರೆ ಅವಮಾನ ಆ ಮುದುಕಿಗೆ, ತನ್ನದೇ ಮನೆಯಲ್ಲಿ. ಹೊಳೆವ್ವ ಹಾಗೆ ಮಾಡಲಾರಳು ಅಂತ ಒಂದು ಗಳಿಗೆ ಅನಿಸುತ್ತಿತ್ತು, ಇನ್ನೊಂದು ಗಳಿಗೆ, ಅಡ್ಡಹೆಸರು ಕೇಳಿದವಳಲ್ಲವೇ ಅನಿಸುತ್ತಿತ್ತು. ಇತ್ತ ರೇಣುಕಾಳ ಫೋನು ಮೇಲಿಂದ ಮೇಲೆ. "ಅಕ್ಕಾರ, ಯಾವಾಗ ಕರಕೊಂಡು ಹೋಗ್ತೀರಿ? ನಮ್ಮ ಅತ್ತಿ ನನ್ನ ಜೀವಾ ತಿನ್ನಾಕತ್ತಾಳ."

ಕೊನೆಗೆ ಒಂದು ಬುಧವಾರ ಹೊರಟೆವು. ನಾನು ಏನೂ ಹೇಳಲಿಲ್ಲ. ಟಂಟಂ ಗಾಡಿಯಲ್ಲಿ ಹೊಳೆವ್ವ ಇಳಕಲ್ ಸೀರೆ ಉಟ್ಟು, ಒಣದ್ರಾಕ್ಷಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಮದುವಣಗಿತ್ತಿಯ ಹಾಗೆ ಕೂತಿದ್ದಳು. ಫೋನು ಕುಪ್ಪಸದೊಳಗೆ.

"ಇವತ್ತಿನ ಫೋಟೋ ಹಾಕಿಲ್ಲ" ಅಂದಳು. "ಇಬ್ಬರೂ ಕೂಡೇ ತಗೀಬೇಕಂತ ಇಟಗೊಂಡೇನಿ. ನೀ ಕೊಟ್ಟ ನಂಬರಿಗೆ ರೇಣುಕಾನ ಕಡಿಂದ ಫೋನ ಹಚ್ಚಿಸಿ ಆಕೀಗೂ ಹೇಳೇನಿ, ಕಳಸಬ್ಯಾಡ ಅಂತ."

ಸಾವಂತ್ರವ್ವ ಹೊರಗೆ ಬಂದು ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ, ಕೈ ನೋಡಿದರು. ಹೊಳೆವ್ವ ಆ ಹಚ್ಚೆಯ ಎಡಗೈಯನ್ನು ತನ್ನ ಎಡಗೈಯಿಂದ ಹಿಡಿದು, "ಇದ ನೋಡವ್ವ ಕೈ!" ಅಂತ ಗಟ್ಟಿಯಾಗಿ ನಕ್ಕಳು. ಸಾವಂತ್ರವ್ವ, "ಇದ ನೋಡ್ರಿ ಹೆಬ್ಬಟ್ಟು, ದಿನಾ ಅಡ್ಡ ಬರೂದು" ಅಂದಳು. ಕೈ ಹಿಡಿದುಕೊಂಡೇ ಒಳಗೆ ಹೋದರು. ನಾನು ನನ್ನ ಫೋನಿನಲ್ಲಿ ಎಲ್ಲ ತುಂಬಿಕೊಳ್ಳುತ್ತಿದ್ದೆ. ನನ್ನ ಕಣ್ಣೂ ತುಂಬಿತ್ತು. ಸುಮ್ಮನೆ ಹೆದರಿದೆನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೊಳೆವ್ವ ಕೌದಿಯ ಮೇಲೆ ಕೂತಳು. "ಇದನ್ನ ಹೊಲಿಯೂದು ನಾ ನೋಡೇನಿ" ಅಂತ ಸವರಿದಳು. ಆಮೇಲೆ ತಲೆ ಎತ್ತಿದಳು. ಗೋಡೆಯ ಮೇಲಿನ ಎರಡು ಪಟಗಳನ್ನು ನೋಡಿದಳು. ಸಾವಂತ್ರವ್ವನ ಕೈಯಲ್ಲಿದ್ದ ತನ್ನ ಕೈಯನ್ನು ಸೆರಗು ಸರಿ ಮಾಡಿಕೊಳ್ಳಲು ಬಿಡಿಸಿಕೊಂಡಳು. ಸೆರಗು ಸರಿಯಾಗಿಯೇ ಇತ್ತು. ಕೈ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಸಾವಂತ್ರವ್ವ ಒಳಗೆ ಹೋಗಿ ಕಪ್-ಬಸಿಯಲ್ಲಿ ಚಹಾ ತಂದು ಅವಳ ಮುಂದಿಟ್ಟಳು. ಯಾಲಕ್ಕಿಯ ವಾಸನೆ ಮನೆಯೆಲ್ಲ ತುಂಬಿತು.

"ತಗೋರಿ ಯವ್ವಾ."

"ಇವತ್ತ ನಂದು ಒಪ್ಪತ್ತ ಐತ್ರಿ" ಅಂದಳು ಹೊಳೆವ್ವ, ನೆಲ ನೋಡುತ್ತ.

"ಹೌದೇನ್ರಿ" ಅಂದಳು ಸಾವಂತ್ರವ್ವ. ಅವಳ ದನಿಯಲ್ಲಿ ಏನೂ ಆಶ್ಚರ್ಯವಿರಲಿಲ್ಲ. "ನಮ್ಮವ್ವನ ಕಾಲಕ್ಕೂ ನಮ್ಮ ಮನಿಗೆ ಬಂದ ಮಂದೀದು ಭಾಳ ಒಪ್ಪತ್ತ ಇರತಿದ್ದೂರಿ."

ಫೋನು ಕೆಳಗಿಟ್ಟೆ.

"ಆಯಿ, ಒಪ್ಪತ್ತ ಇದ್ದ ದಿನ ನಿಮಗ ಚಾನ ಗತಿ ಅಂದಿದ್ರಿ. ನನ್ನ ಮುಂದ ಎರಡ ವಾಟಗ ಕುಡದ್ರಿ. ಅವತ್ತ ನಿಮ್ಮ ಹೆಸರ ಬರದಿದ್ದ ವಾಟಗದಾಗ ನಾ ಕುಡದೇನಿ. ನಾನೂ ಇವರ ಪೈಕಿನ."

ಹೊಳೆವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀ ಜಲನಗರದಾಕಿ ಅಂದಿದ್ದೆಲ್ಲ?" ಅಂದಳು.

"ಜಲನಗರದಾಗ ನಾವೂ ಇರತೇವಿ ಆಯಿ."

"ಸಾಕ್ ಬಿಡ ಸಪ್ನಾ" ಅಂತ ಸಾವಂತ್ರವ್ವ ನನ್ನನ್ನೇ ಗದರಿದಳು. "ಮನಿಗೆ ಬಂದವರ ಮ್ಯಾಲ ಒದರಬಾರದು." ಆಮೇಲೆ ದ್ರಾಕ್ಷಿಯ ಗಂಟು ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. "ನಿಮ್ಮ ದ್ರಾಕ್ಷಿ ನಾವು ತಿಂತೇವ್ರಿ. ಚಾ ಇಲ್ಲೇ ಇರತದ."

ಹೊಳೆವ್ವ ಕಪ್ಪಿನ ಕಡೆ ನೋಡಿದಳು. ಎಡಗೈ ಒಂದಿಷ್ಟು ಮುಂದೆ ಹೋದಂತೆ ನನಗೆ ಕಂಡಿತು. ಅಥವಾ ಏಳಲು ನೆಲಕ್ಕೆ ಊರಿದ್ದಳೋ ಏನೋ, ಇವತ್ತಿಗೂ ನನಗೆ ಖಾತ್ರಿ ಇಲ್ಲ. ಎದ್ದು ಹೊರಗೆ ಹೋಗಿ ಟಂಟಂನಲ್ಲಿ ಕೂತಳು.

ತಿಕೋಟಾದಲ್ಲಿ ಇಳಿದವಳು ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. ಆಮೇಲೆ ಹಟ್ಟಿಯ ಕಡೆ ನಡೆದುಹೋದಳು.

ಅಲ್ಲಿಯವರೆಗೂ ಅವತ್ತಿನ ಫೋಟೋವನ್ನು ಇಬ್ಬರೂ ಕಳಿಸಿರಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕಂಪನಿಯ ಪಟ್ಟಿ ನೋಡಿದೆ. ಸಂಜೆಗೆ ಬಬಲೇಶ್ವರದಿಂದ ಒಂದು ಹೋಗಿತ್ತು, ತಿಕೋಟಾದ ಕಡೆ ಖಾಲಿ. ಆರಿ ಹೋಗಲಿ, ಒಳ್ಳೆಯದೇ ಆಯಿತು ಅಂತ ಮುಚ್ಚಿಟ್ಟೆ. ಅಮ್ಮ ಊಟಕ್ಕೆ ಕರೆದಾಗ ಅವಳ ಮೇಲೂ ರೇಗಿದೆ. ಬೆಳಗ್ಗೆ ಎದ್ದವಳು 'ನೋಡುವುದಿಲ್ಲ' ಅಂದುಕೊಂಡೇ ನೋಡಿದೆ. ದೀಪ ಉರಿಯುತ್ತಿತ್ತು. ನನಗೆ ಅಷ್ಟೊಂದು ಸಮಾಧಾನ ಯಾಕಾಯಿತೋ, ಆ ಸಮಾಧಾನಕ್ಕೆ ನಾಚಿಕೆ ಯಾಕಾಯಿತೋ ಎರಡೂ ತಿಳಿಯಲಿಲ್ಲ.

ವಿಡಿಯೋ ಅಳಿಸಿದೆ. ಸಾವಂತ್ರವ್ವನ ಕುಡಿಯದ ಚಹಾವನ್ನು ಊರ ಹುಡುಗರು ನೋಡಿ ಕರಗುವುದು ನನಗೆ ಬೇಕಿರಲಿಲ್ಲ. ಸರಿಯಾಗಿ ಬರಲಿಲ್ಲ ಮೇಡಂ ಅಂದೆ. ಮಿನಾಜ ಮೇಡಂ ಉಸಿರು ಬಿಟ್ಟು, "ಆಯ್ತು, ಕಾರಣವಾದರೂ ಬರೆದು ಕಳಿಸು. ಅವರಿಬ್ಬರು ದಿನಾ ಯಾಕೆ ವಾಪಸ್ ಬರ್ತಾರೆ? ಅದು ಗೊತ್ತಾದರೆ ಹುಡುಗರಿಗೆ ಹಾಗೇ ಏನಾದರೂ ಮಾಡಬಹುದು. ಶುಕ್ರವಾರದೊಳಗೆ ಬೇಕು" ಅಂದರು. ದೀಪದ ಭಯ ಅಂತ ಬರೆದೆ, ಅಳಿಸಿದೆ. ಗೆಳೆತನ ಅಂತ ಬರೆದೆ, ಕೈಗೆ ಸಿಟ್ಟು ಬಂದು ಅದನ್ನೂ ಅಳಿಸಿದೆ.

ಆ ಶುಕ್ರವಾರ ಬಬಲೇಶ್ವರಕ್ಕೆ ಹೋದೆ. ಸಾವಂತ್ರವ್ವನ ಮನೆಯಲ್ಲಿ ಒದರಿದ್ದಕ್ಕೆ ಕ್ಷಮೆ ಕೇಳಬೇಕಿತ್ತು. ಸಾವಂತ್ರವ್ವ ಕೇಳಿಸಿಕೊಳ್ಳಲೂ ಇಲ್ಲ, ಕೌದಿಯ ಮೇಲೆ ಕೂರಿಸಿ ಫೋನು ಕೈಗೆ ಕೊಟ್ಟಳು.

ಬುಧವಾರ ಅವಳು ಕಳಿಸಿದ್ದು ಆ ಕಪ್ಪಿನ ಫೋಟೋ. ತುಂಬಿದ ಚಹಾ, ಮೇಲೆ ಕೆನೆ ಕಟ್ಟಿದೆ. ಅದಕ್ಕೆ ತಿಕೋಟಾದಿಂದ ಬಂದ ಜವಾಬು ಬರೀ ಕಪ್ಪು ಬಣ್ಣ. ಕುರಿ ಇಲ್ಲ, ಆಕಾಶ ಇಲ್ಲ, ಅಂಗೈ ಅಡ್ಡ ಹಿಡಿದು ತೆಗೆದ ಹಾಗೆ ಪೂರಾ ಕತ್ತಲೆ. ಗುರುವಾರ ಮತ್ತೆ ಅದೇ ಜಾಗ, ಹೊಸ ಚಹಾ. ಜವಾಬು ಮತ್ತೆ ಕತ್ತಲೆ.

"ಇನ್ನೂ ಯಾಕ ಕಳಸಾಕತ್ತೀರಿ ಆಯಿ? ಬಿಟ್ಟಬಿಡ್ರಿ. ಆಕಿ ಮೊಮ್ಮಗನ ದೀಪದ ಸಲುವಾಗಿ ಹಾಕತಾಳ, ನಿಮ್ಮ ಸಲುವಾಗಿ ಅಲ್ಲ."

"ಇರಬಹುದು" ಅಂದಳು ಸಾವಂತ್ರವ್ವ. "ಆದ್ರ ದೀಪಕ್ಕ ಕುರಿ ಫೋಟೋ ಹಾಕಿದ್ರೂ ನಡೀತಿತ್ತಲ್ಲ? ಮಾರಿ ಮುಚ್ಚಿಕೊಂಡ ಯಾಕ ಬರತಾಳ?"

ನಾನು ಅಲ್ಲಿ ಕೂತಿರುವಾಗಲೇ ಫೋನು ಕಿಣಿಗುಟ್ಟಿತು. ತಿಕೋಟಾದಿಂದ. ಈ ಸಲ ಕತ್ತಲೆಯಲ್ಲ. ಅರ್ಧ ಹಣೆ, ಒಂದು ಕಣ್ಣು, ಮೂಗು. ಇಷ್ಟು ತಿಂಗಳಲ್ಲಿ ಹೊಳೆವ್ವ ತನ್ನ ಮುಖ ಕಳಿಸಿದ್ದು ಅದೇ ಮೊದಲು. ಬಾಯಿಗೆ ಸ್ಟೀಲಿನ ವಾಟಗ ಹಚ್ಚಿದ್ದಾಳೆ. ಬೆರಳಿನ ಸಂದಿಯಲ್ಲಿ ಕೊರೆದ ಅಕ್ಷರಗಳು: ತಮ್ಮನ ಕಾಣಿಕೆ.

ಅದು ನಾನು ಕುಡಿದ ವಾಟಗ. ಬುಧವಾರದ ನಂತರ ಅದನ್ನು ಹಟ್ಟಿಯ ಆಚೆ ಎಸೆದಿರುತ್ತಾರೆ, ಇಲ್ಲವೇ ಬೆಂಕಿಯಲ್ಲಿ ಹಾಕಿ ತೆಗೆದಿರುತ್ತಾರೆ ಅಂತ ಎರಡು ದಿನ ಮನಸ್ಸಿನಲ್ಲಿ ಬೈಯುತ್ತಲೇ ಇದ್ದೆ.

"ಆಯಿ, ಇದು ನಾ ಕುಡದ ವಾಟಗ. ಅದರಾಗ ಆಕಿ ಕುಡ್ಯಾಕತ್ತಾಳ. ನಿಮಗ ತೋರಸಾಕಂತನ ಹಿಂಗ ಹಿಡದಾಳ."

ಸಾವಂತ್ರವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖ ಮೆತ್ತಗಾಯಿತೋ ಗಟ್ಟಿಯಾಯಿತೋ ನನಗೆ ಗೊತ್ತಾಗಲಿಲ್ಲ.

"ಆಕಿ ಮನೀ ವಾಟಗ, ಆಕಿ ಮನೀ ಚಾ" ಅಂದಳು. "ಅದನ್ನ ಆಕಿ ಕುಡದ್ರ ನನಗೇನ ಬಂತು? ನಂದು ಇಲ್ಲೇ ಐತಲ್ಲ. ಬಂದ ಇದನ್ನ ಕುಡೀಲಿ, ಆವಾಗ ನೋಡೂನು."

ಹೇಳಿ ಎದ್ದು ಒಳಗೆ ಹೋಗಿ ಒಲೆಯ ಮೇಲೆ ಚಹಾ ಇಟ್ಟಳು. ಅಷ್ಟರಲ್ಲಿ ನನ್ನ ಫೋನಿಗೆ ಮಿನಾಜ ಮೇಡಂ.

"ಸಪ್ನಾ, ಕಾರಣ ಸಿಕ್ತಾ? ಯಾಕೆ ವಾಪಸ್ ಬರ್ತಾರಂತೆ?"

"ಒಂದ ಚಾ ಬಾಕಿ ಐತಿ ಮೇಡಂ."

"ಏನು?"

ನೆಟ್ವರ್ಕ್ ಸರಿಯಿಲ್ಲ ಅಂತ ಸುಳ್ಳು ಹೇಳಿ ಇಟ್ಟೆ. ಸಾವಂತ್ರವ್ವ ಎರಡು ಕಪ್-ಬಸಿ ಚಹಾ ತಂದಳು. ಒಂದನ್ನು ತನ್ನ ಕಡೆಗೆ ಇಟ್ಟುಕೊಂಡಳು, ಇನ್ನೊಂದನ್ನು ನನ್ನ ಮುಂದೆ ಇಟ್ಟಳು. ನಾನು ಕೈ ಚಾಚಿದೆ. ಅವಳು ಕೈ ಮೇಲೆ ಮೆಲ್ಲಗೆ ಹೊಡೆದಳು.

"ನಿಂದು ಒಳಗೈತಿ, ಹೋಗಿ ಕುಡಿ. ಏಳ ಅಲ್ಲಿಂದ. ಆ ಜಾಗಾ ಖಾಲಿ ಕಾಣಬೇಕು."

ನಾನು ಎದ್ದು ಕೌದಿಯಿಂದ ಆಚೆ ಸರಿದು ನಿಂತೆ. ಸಾವಂತ್ರವ್ವ ಎಡಗೈಯಲ್ಲಿ ಫೋನು ಹಿಡಿದು, ಒಂದು ಕಣ್ಣು ಮುಚ್ಚಿ, ಆ ಕಪ್ಪನ್ನೂ ಅದರ ಹಿಂದಿನ ಖಾಲಿ ಜಾಗವನ್ನೂ ಹಿಡಿಸಿಕೊಂಡು ಅವತ್ತಿನ ಫೋಟೋ ತೆಗೆದಳು.